ಹಳೆಯ ಪುಸ್ತಕದ ರಾಕ್ಷಸನಿಗೆ ಹೊಸ ನಿಯಮ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಆ್ಯಂಡ್ ಡ್ರಾಗನ್ಸ್’ ಎಂಬ, ಮೇಜಿನ ಸುತ್ತ ಕುಳಿತು ದಾಳ ಉರುಳಿಸುತ್ತ ಪಾತ್ರಗಳಾಗಿ ಕಥೆಯನ್ನು ಆಡುವ ಆಟದ ನಿಯಮಗಳು ಹಲವು ಸಲ ಬದಲಾಗಿವೆ. ಹಳೆಯ ನಿಯಮಕ್ಕೆ ಬರೆದ ದೈತ್ಯ, ಮೃಗ, ಪಿಶಾಚಿಗಳನ್ನು ಹೊಸ ನಿಯಮದಲ್ಲಿ ಆಡಿಸುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಅಮೆರಿಕದಲ್ಲಿ ಓದಿ ಬಂದ ನನ್ನ ಸೋದರಮಾವನ ಪೆಟ್ಟಿಗೆಯಲ್ಲಿ ಈ ಆಟದ ಪ್ರಾಣಿಗಳ ಪುಸ್ತಕವಾದ 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಪ್ರತಿಯೊಂದು ಸಿಕ್ಕಿದೆ. ಅದರಲ್ಲಿ ರಾಕ್ಷಸನಿದ್ದಾನೆ! ನಾವು ಐವರು ಗೆಳೆಯರು ಭಾನುವಾರಗಳಂದು ಸೇರಿ 5ನೇ ಆವೃತ್ತಿಯನ್ನು 2014ರ ನಿಯಮಗಳಂತೆ ಆಡುತ್ತೇವೆ. ನಾನು ಆಟ ನಡೆಸುವ ಡಂಜನ್ ಮಾಸ್ಟರ್, ಉಳಿದ ನಾಲ್ವರ ಪಾತ್ರಗಳು 7ನೇ ಲೆವೆಲ್‌ನಲ್ಲಿವೆ. ಹೊಸ ಪುಸ್ತಕದ ರಾಕ್ಷಸನ ಚಾಲೆಂಜ್ ರೇಟಿಂಗ್ (ಎದುರಾಳಿ ಎಷ್ಟು ಬಲಿಷ್ಠ ಎಂಬ ಅಳತೆ) 13 ಇರುವುದರಿಂದ ನಮ್ಮವರು ಅವನ ಮುಂದೆ ನಿಲ್ಲಲಾರರು. ಹಳೆಯವನನ್ನೇ ತರೋಣವೆಂದರೆ ಅವನ ಆರ್ಮರ್ ಕ್ಲಾಸ್ (ಪೆಟ್ಟಿನಿಂದ ರಕ್ಷಣೆಯ ಅಂಕಿ) –4, ಹಿಟ್ ಡೈಸ್ (ಜೀವಬಲವನ್ನು ಗೊತ್ತುಮಾಡುವ ದಾಳಗಳ ಸಂಖ್ಯೆ) 7 ಎಂದು ಬರೆದಿದೆ. ಇವನ್ನು ಹೊಸ ಅಂಕಿಗಳಿಗೆ ತಿರುಗಿಸುವ ಸೂತ್ರವಿದೆಯೇ? (ಶಿವಮೊಗ್ಗದ ಓದುಗರು)

ಉತ್ತರ: ಸೂತ್ರವಿದೆ, ಆದರೆ ಅದನ್ನು ನಂಬಿ ಹೊರಟರೆ ನಿಮ್ಮ ಭಾನುವಾರ ಹಾಳಾಗುತ್ತದೆ. ಹಳೆಯ ಆಟದಲ್ಲಿ ಕವಚವಿಲ್ಲದ ಮನುಷ್ಯನ ಆರ್ಮರ್ ಕ್ಲಾಸ್ 10. ರಕ್ಷಣೆ ಹೆಚ್ಚಿದಷ್ಟೂ ಅಂಕಿ ಇಳಿಯುತ್ತಿತ್ತು. ಹೊಸ ಆಟದಲ್ಲಿ ಅದು ಏರುತ್ತದೆ. ಹಾಗಾಗಿ ಹಳೆಯ ಅಂಕಿಯನ್ನು 20ರಿಂದ ಕಳೆದರೆ ಹೊಸ ಅಂಕಿ ಬರುತ್ತದೆಂದು ಅನೇಕರು ಹೇಳುತ್ತಾರೆ. ಆ ಲೆಕ್ಕದಲ್ಲಿ ನಿಮ್ಮ ರಾಕ್ಷಸನ ಆರ್ಮರ್ ಕ್ಲಾಸ್ 24 ಆಗುತ್ತದೆ. 2014ರ ಪುಸ್ತಕದಲ್ಲಿ ಶತಮಾನಗಳ ಕಾಲ ಬದುಕಿದ ಕೆಂಪು ಡ್ರಾಗನ್‌ನ ಆರ್ಮರ್ ಕ್ಲಾಸ್ 22 ಮಾತ್ರ. ಮಂತ್ರದ ಕತ್ತಿ ಹಿಡಿದ ನಿಮ್ಮ 7ನೇ ಲೆವೆಲ್‌ನ ಯೋಧ 20 ಮುಖದ ದಾಳಕ್ಕೆ 8ನ್ನು ಕೂಡಿಸಿಕೊಂಡರೂ 16ಕ್ಕಿಂತ ಕಡಿಮೆ ಬಿದ್ದಾಗಲೆಲ್ಲ ಅವನ ಪೆಟ್ಟು ಗಾಳಿಗೆ ಹೋಗುತ್ತದೆ. ಎಂದರೆ ನಾಲ್ಕು ಪೆಟ್ಟಿಗೆ ಒಂದು ತಾಗುತ್ತದೆ. ಹೊಸ ಪುಸ್ತಕವನ್ನು ಬರೆದವರು ತಾವೇ ರಾಕ್ಷಸನಿಗೆ ಕೊಟ್ಟಿರುವ ಆರ್ಮರ್ ಕ್ಲಾಸ್ 16. ಸೂತ್ರಕ್ಕೂ ಅವರ ನಿರ್ಧಾರಕ್ಕೂ ನಡುವೆ 8ರ ಅಂತರವಿದೆ ಎಂಬುದನ್ನು ಗಮನಿಸಿ.

ಈ ಅಂತರಕ್ಕೆ ಕಾರಣವಿದೆ. ಹಳೆಯ ಆಟದಲ್ಲಿ 7ನೇ ಲೆವೆಲ್‌ನ ಯೋಧನೂ ಈ ರಾಕ್ಷಸನನ್ನು ತಾಗಬೇಕಾದರೆ, ಶಕ್ತಿಯ ಮತ್ತು ಆಯುಧದ ಹೆಚ್ಚುವರಿಗಳನ್ನು ಬಿಟ್ಟು, ದಾಳದಲ್ಲಿ 18 ಬೀಳಬೇಕಿತ್ತು. ಆದರೆ 8 ಮುಖದ ಏಳು ದಾಳಗಳಿಂದ ಬರುವ ಅವನ ಹಿಟ್ ಪಾಯಿಂಟ್‌ಗಳು, ಅಂದರೆ ಅವನು ತಾಳಬಲ್ಲ ಪೆಟ್ಟು, ಸರಾಸರಿ 31 ಅಷ್ಟೇ. ತಾಗುವುದು ಕಷ್ಟ, ತಾಗಿದರೆ ಬೇಗ ಮುಗಿಯುತ್ತಿತ್ತು. ಹೊಸ ಆಟ ಇದನ್ನು ತಿರುವಿಹಾಕಿದೆ. ದಾಳಕ್ಕೆ ಕೂಡಿಸುವ ಪಾತ್ರಗಳ ನೈಪುಣ್ಯದ ಅಂಕ ಆಟದ ಮೊದಲಿನಿಂದ ಕೊನೆಯವರೆಗೆ 2ರಿಂದ 6ಕ್ಕೆ ಮಾತ್ರ ಏರುತ್ತದೆ. ಆದ್ದರಿಂದ ಆರ್ಮರ್ ಕ್ಲಾಸನ್ನು ಹಿಡಿತದಲ್ಲಿಟ್ಟು ಹಿಟ್ ಪಾಯಿಂಟ್‌ಗಳನ್ನು ಬೆಳೆಸಿದ್ದಾರೆ. 2014ರ ರಾಕ್ಷಸನಿಗೆ 110 ಹಿಟ್ ಪಾಯಿಂಟ್‌ಗಳಿವೆ. ಎರಡು ಆಟಗಳ ಅಂಕಿಗಳು ಎರಡು ಬೇರೆ ತಕ್ಕಡಿಗಳಲ್ಲಿ ತೂಗಿದವು. ಒಂದರ ತೂಕದ ಕಲ್ಲನ್ನು ಇನ್ನೊಂದರಲ್ಲಿಡಲಾಗದು.

ಹಾಗಾದರೆ ಹಳೆಯ ಪುಟದಿಂದ ಏನನ್ನು ತರಬೇಕು? ಆ ಪ್ರಾಣಿ ಮೇಜಿನ ಸುತ್ತ ಕುಳಿತವರಿಗೆ ಏನು ಮಾಡುತ್ತಿತ್ತೋ ಅದನ್ನು. ಅಂಕಿಗಳನ್ನು ಒಂದು ಕ್ಷಣ ಕೈಯಿಂದ ಮುಚ್ಚಿ, ಉಳಿದ ವಿವರಣೆಯನ್ನು ಓದಿನೋಡಿ. ಅಲ್ಲಿ ನಾಲ್ಕು ಸಂಗತಿಗಳು ಸಿಗುತ್ತವೆ. ರಾಕ್ಷಸನು ಎದುರಿನವರ ಮನಸ್ಸನ್ನು ಓದಿ, ಅವರು ಯಾರನ್ನು ನಂಬುತ್ತಾರೋ ಆ ರೂಪದಲ್ಲಿ ಕಾಣಿಸಿಕೊಂಡು, ಅವರು ಎಚ್ಚರ ತಪ್ಪುವವರೆಗೆ ಕಾಯುತ್ತಾನೆ. 8ನೇ ಮಟ್ಟಕ್ಕಿಂತ ಕೆಳಗಿನ ಯಾವ ಮಂತ್ರವೂ ಅವನಿಗೆ ನಾಟುವುದಿಲ್ಲ. ಸಾಮಾನ್ಯ ಆಯುಧಗಳು ಏನೂ ಮಾಡಲಾರವು, ಮಂತ್ರದ ಆಯುಧಗಳಲ್ಲೂ ಮಂತ್ರಬಲ +3ಕ್ಕಿಂತ ಕೆಳಗಿನವು ಅರ್ಧ ಪೆಟ್ಟನ್ನಷ್ಟೇ ಕೊಡುತ್ತವೆ. ಇಷ್ಟೆಲ್ಲ ಇದ್ದೂ, ಮಂತ್ರಿಸಿದ ಒಂದು ಕ್ರಾಸ್‌ಬೋ ಬಾಣ ತಾಗಿದರೆ ಅಲ್ಲೇ ಸಾಯುತ್ತಾನೆ.

ಈ ನಾಲ್ಕನೆಯದೇ ಆ ಪುಟದ ಜೀವ. ಅದರ ಮೂಲ ನಮ್ಮ ಪುರಾಣಗಳಲ್ಲಿಲ್ಲ. 1974ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾದ ಭಯಾನಕ ಕಥೆಗಳ ಧಾರಾವಾಹಿಯೊಂದರ ಕಂತಿನಲ್ಲಿ ರಾಕ್ಷಸನನ್ನು ಕೊಲ್ಲುವುದು ಇಂಥ ಬಾಣವೇ, ನಂಬಿದವರ ರೂಪದಲ್ಲಿ ಬರುವುದೂ ಅದರಲ್ಲಿದೆ. ಮೂಲ ಎಲ್ಲಿಯದೇ ಇರಲಿ, ಆಟದಲ್ಲಿ ಅದು ಅದ್ಭುತವಾಗಿ ಕೆಲಸ ಮಾಡುತ್ತದೆ. ನೇರವಾಗಿ ಹೊಡೆದಾಡಿ ಗೆಲ್ಲಲಾಗದವನನ್ನು ವಿಚಾರಿಸಿ, ಹುಡುಕಿ, ಸಿದ್ಧರಾಗಿ ಬಂದವರು ಒಂದೇ ಬಾಣದಲ್ಲಿ ಗೆಲ್ಲಬಹುದು ಎಂಬುದು ಆಟಗಾರರನ್ನು ಹಳ್ಳಿಯ ಮುದುಕಿಯನ್ನೂ ದೇವಾಲಯದ ಅರ್ಚಕನನ್ನೂ ಮಾತನಾಡಿಸುವಂತೆ ಮಾಡುತ್ತದೆ. 2000ದ 3ನೇ ಆವೃತ್ತಿ ಈ ಬಾಣವನ್ನು ಉಳಿಸಿಕೊಂಡಿತ್ತು. 2003ರ ಪರಿಷ್ಕರಣೆಯಲ್ಲಿ ಅದು ಹೋಗಿ, ಒಳಿತಿನ ಶಕ್ತಿಯುಳ್ಳ ಚುಚ್ಚುವ ಆಯುಧಗಳು ಮಾತ್ರ ಪೂರ್ತಿ ಪೆಟ್ಟು ಕೊಡುತ್ತವೆ ಎಂಬ ನಿಯಮ ಬಂತು. 2014ರಲ್ಲಿ ಅದು ಇನ್ನಷ್ಟು ತೆಳುವಾಗಿ, ಸಜ್ಜನರು ಹಿಡಿದ ಮಂತ್ರದ ಚುಚ್ಚುವ ಆಯುಧದಿಂದ ಎರಡು ಪಟ್ಟು ಪೆಟ್ಟು ಎಂದಾಯಿತು. ಪ್ರತಿ ಬದಲಾವಣೆಗೂ ನ್ಯಾಯವಾದ ಕಾರಣವಿತ್ತು. ಒಂದೇ ದಾಳದಲ್ಲಿ ಮುಖ್ಯ ಶತ್ರು ಸತ್ತರೆ ಆಟ ಸಪ್ಪೆಯಾಗುತ್ತದೆ. ಆದರೂ ಬಾಣದೊಂದಿಗೆ ಅದನ್ನು ಹುಡುಕಿ ಹೋಗುವ ಕಥೆಯೂ ಹೋಯಿತು, ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಈಗ ನಿಮ್ಮ ರಾಕ್ಷಸನನ್ನು ಕಟ್ಟೋಣ. ಮೊದಲು ಗುರಿ ಗೊತ್ತುಮಾಡಿಕೊಳ್ಳಿ: 7ನೇ ಲೆವೆಲ್‌ನ ನಾಲ್ವರಿಗೆ ಚಾಲೆಂಜ್ ರೇಟಿಂಗ್ 7 ಸರಿಯಾಗಿ ಹೊಂದುತ್ತದೆ. 2014ರ ಡಂಜನ್ ಮಾಸ್ಟರ್ ಕೈಪಿಡಿಯಲ್ಲಿ ಹೊಸ ಪ್ರಾಣಿಗಳನ್ನು ತೂಗುವ ಕೋಷ್ಟಕವಿದೆ, ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಆರ್ಮರ್ ಕ್ಲಾಸ್ 16 ಇರಲಿ. ಮನುಷ್ಯ ಗಾತ್ರದ ಪ್ರಾಣಿಗೆ ಹೊಸ ನಿಯಮದಲ್ಲೂ 8 ಮುಖದ ದಾಳವೇ ಆದ್ದರಿಂದ, ಹಳೆಯ ಏಳು ದಾಳಗಳನ್ನು ಇಮ್ಮಡಿಗೊಳಿಸಿ ಹದಿನಾಲ್ಕು ಮಾಡಿ, ಮೈಗಟ್ಟನ್ನು ಅಳೆಯುವ ಕಾನ್‌ಸ್ಟಿಟ್ಯೂಷನ್ 14 ಕೊಟ್ಟು ಪ್ರತಿ ದಾಳಕ್ಕೂ 2 ಸೇರಿಸಿ. ಸರಾಸರಿ 91 ಹಿಟ್ ಪಾಯಿಂಟ್‌ಗಳಾಗುತ್ತವೆ. ಸಾಮಾನ್ಯ ಆಯುಧಗಳು ನಾಟುವುದಿಲ್ಲವೆಂಬ ಗುಣಕ್ಕೆ ಈ ಹಂತದಲ್ಲಿ ಕೈಪಿಡಿ ಎರಡು ಪಟ್ಟು ಹಿಡಿಯುವುದರಿಂದ ತೂಕದ ಲೆಕ್ಕಕ್ಕೆ ಅದು 182. ಕೋಷ್ಟಕದಲ್ಲಿ 176ರಿಂದ 190ರವರೆಗಿನದು ಚಾಲೆಂಜ್ ರೇಟಿಂಗ್ 8ರ ಸಾಲು. ಮಂತ್ರವನ್ನು ತಡೆಯುವ ಗುಣವನ್ನು ಆರ್ಮರ್ ಕ್ಲಾಸ್ 2 ಹೆಚ್ಚಿದ್ದಂತೆ ಎಣಿಸಬೇಕು, ಆಗ ರಕ್ಷಣೆಯ ಕಡೆ 9 ಸಿಗುತ್ತದೆ. ನಿಮ್ಮ ತಂಡದಲ್ಲಿ ಎಲ್ಲರ ಬಳಿಯೂ ಮಂತ್ರದ ಆಯುಧವಿದ್ದರೆ ಈ ಇಮ್ಮಡಿಯನ್ನು ಹಿಡಿಯಬೇಡಿ.

ಆಕ್ರಮಣದಲ್ಲಿ ಹಳೆಯ ರಾಕ್ಷಸ ಬಡವ. ಎರಡು ಉಗುರುಪೆಟ್ಟುಗಳಿಗೆ ತಲಾ 1ರಿಂದ 3, ಕಚ್ಚಿದರೆ 2ರಿಂದ 5. ಇಷ್ಟರಿಂದ ಇಂದಿನ ಪಾತ್ರಗಳಿಗೆ ಗೀಚಿದಂತೆಯೂ ಆಗದು. ಮೂರು ಪೆಟ್ಟುಗಳ ಕ್ರಮವನ್ನು ಹಾಗೇ ಇಟ್ಟು, ತಾಗಲು 7 ಕೂಡಿಸಿ, ಉಗುರಿಗೆ 6 ಮುಖದ ಎರಡು ದಾಳ ಮತ್ತು 4, ಬಾಯಿಗೆ 8 ಮುಖದ ಎರಡು ದಾಳ ಮತ್ತು 4 ಕೊಡಿ. ಮೂರೂ ತಾಗಿದರೆ ಸರಾಸರಿ 35 ಬರುತ್ತದೆ, ಅದು ಕೋಷ್ಟಕದಲ್ಲಿ 5ರ ಸಾಲು. 9 ಮತ್ತು 5ರ ಸರಾಸರಿ 7, ನಮಗೆ ಬೇಕಾದದ್ದು ಅದೇ. 2014ರ ಪುಸ್ತಕದಲ್ಲಿ ಉಗುರಿಗೆ ಅಂಟಿಸಿರುವ ದುಃಸ್ವಪ್ನದ ಶಾಪವನ್ನು ನೀವು ತರುವುದು ಬೇಡ. 1977ರ ಪುಟದಲ್ಲಿ ಅದಿರಲಿಲ್ಲ.

ಮಂತ್ರ ನಾಟದ ಗುಣವನ್ನು ಕುರಿತು ಸ್ವಲ್ಪ ಯೋಚಿಸಬೇಕು, ಏಕೆಂದರೆ ಹೊಸ ಆವೃತ್ತಿಯವರು ಇಲ್ಲಿ ಬಹಳ ಒಳ್ಳೆಯ ಕೆಲಸ ಮಾಡಿದ್ದಾರೆ. ಹಳೆಯ ಆಟದಲ್ಲಿ ಮಾಂತ್ರಿಕನಿಗೆ 8ನೇ ಮಟ್ಟದ ಮಂತ್ರ ಸಿಗುವುದು 16ನೇ ಲೆವೆಲ್‌ನಲ್ಲಿ; ಅಲ್ಲಿಯವರೆಗೆ ಅವನು ರಾಕ್ಷಸನೆದುರು ಬರಿಗೈ. 2014ರಲ್ಲಿ 6ನೇ ಮಟ್ಟದವರೆಗಿನ ಮಂತ್ರಗಳು ನಾಟುವುದಿಲ್ಲ ಎಂದಿದೆ. 7ನೇ ಮಟ್ಟದ ಮಂತ್ರ ಮಾಂತ್ರಿಕನ ಕೈಗೆ ಬರುವುದು 13ನೇ ಲೆವೆಲ್‌ನಲ್ಲಿ, ರಾಕ್ಷಸನ ಚಾಲೆಂಜ್ ರೇಟಿಂಗೂ 13! ತಂಡದ ಮಾಂತ್ರಿಕನು ತಾನು ಆಗಷ್ಟೇ ಕಲಿತ ಅತಿ ದೊಡ್ಡ ಮಂತ್ರವೊಂದರಿಂದ ಮಾತ್ರ ಅವನನ್ನು ಮುಟ್ಟಬಲ್ಲ. ಇದೇ ಅಳತೆಯನ್ನು ನಿಮ್ಮ ಮೇಜಿಗೂ ಹಾಕಿ: 7ನೇ ಲೆವೆಲ್‌ನ ಮಾಂತ್ರಿಕನಿಗೆ 4ನೇ ಮಟ್ಟದ ಮಂತ್ರ ಆಗಷ್ಟೇ ದೊರೆತಿರುತ್ತದೆ, ಹಾಗಾಗಿ ನಿಮ್ಮ ರಾಕ್ಷಸನಿಗೆ 3ನೇ ಮಟ್ಟದವರೆಗಿನವು ನಾಟದಿರಲಿ. ಆಟಗಾರನ ಬಳಿ 4ನೇ ಮಟ್ಟದ ಮಂತ್ರಕ್ಕೆ ಒಂದೇ ಅವಕಾಶವಿರುವುದರಿಂದ ಆ ಒಂದು ಮಂತ್ರದ ಮೇಲೆ ಮೇಜಿನ ಎಲ್ಲರ ಕಣ್ಣೂ ನೆಟ್ಟಿರುತ್ತದೆ. ರಾಕ್ಷಸನ ಸ್ವಂತ ಮಾಯೆಗೆ ಮನಸ್ಸು ಓದುವುದು, ವೇಷ ಬದಲಿಸುವುದು, ಇಲ್ಲದ್ದನ್ನು ಕಾಣಿಸುವುದು, ಮಾತಿನಿಂದ ಒಲಿಸುವುದು ಸಾಕು. ಅವುಗಳಿಂದ ತಪ್ಪಿಸಿಕೊಳ್ಳಲು ಉರುಳಿಸುವ ದಾಳದ, ಅಂದರೆ ಸೇವಿಂಗ್ ಥ್ರೋದ, ಅಂಕ 15 ಇರಲಿ.

ಇನ್ನು ಬಾಣ. ಹೊಸ ಆಟದಲ್ಲಿ ‘ಬ್ಲೆಸ್’ ಎಂಬುದು ಹರಸುವ 1ನೇ ಮಟ್ಟದ ಮಂತ್ರ. ಅದನ್ನು ಜಪಿಸಿದ ಮಾತ್ರಕ್ಕೆ ಬಾಣ ಸಿದ್ಧವಾಗುತ್ತದೆ ಎಂದರೆ ಬೆಲೆಯೇ ಉಳಿಯುವುದಿಲ್ಲ. ಆದ್ದರಿಂದ ಬಾಣವನ್ನು ಕಥೆಯೊಳಗಿನ ವಸ್ತುವನ್ನಾಗಿ ಮಾಡಿ: ಒಂದು ದೇವಾಲಯ, ಒಂದು ರಾತ್ರಿಯ ವಿಧಿ, ಹೆಚ್ಚೆಂದರೆ ಮೂರು ಬಾಣಗಳು. ಬಾಣ ತಾಗಿದಾಗ ರಾಕ್ಷಸನಲ್ಲಿ 50 ಅಥವಾ ಅದಕ್ಕಿಂತ ಕಡಿಮೆ ಹಿಟ್ ಪಾಯಿಂಟ್‌ಗಳು ಉಳಿದಿದ್ದರೆ ಅವನು ಸಾಯುತ್ತಾನೆ. ಹೆಚ್ಚಿದ್ದರೆ 10 ಮುಖದ ಆರು ದಾಳಗಳಷ್ಟು ಪೆಟ್ಟಾಗಿ, ಅವನ ವೇಷ ಕಳಚಿ, ಬಾಣ ಬಿಟ್ಟವರ ಮುಂದಿನ ಸರದಿಯ ಕೊನೆಯವರೆಗೆ ಎಲ್ಲ ಮಂತ್ರಗಳೂ ಅವನಿಗೆ ನಾಟುತ್ತವೆ. ಇಂತಿಷ್ಟಕ್ಕಿಂತ ಕಡಿಮೆ ಉಳಿದಿದ್ದರೆ ಸಾವು ಎಂಬ ಕ್ರಮವನ್ನು ನಾನು ಹೊಸದಾಗಿ ಹುಟ್ಟಿಸಿದ್ದಲ್ಲ. 5ನೇ ಆವೃತ್ತಿಯ ‘ಪವರ್ ವರ್ಡ್ ಕಿಲ್’ ಮಂತ್ರ 100 ಹಿಟ್ ಪಾಯಿಂಟ್‌ಗಳ ಮಿತಿಯಲ್ಲಿ ಹೀಗೇ ಕೆಲಸ ಮಾಡುತ್ತದೆ. ಹಳೆಯ ಬೆದರಿಕೆಯನ್ನು ಹೊಸ ಆಟದ ವ್ಯಾಕರಣದಲ್ಲೇ ಹೇಳಿದರೆ ಆಟಗಾರರಿಗೆ ಅದು ಅನ್ಯಾಯವೆನಿಸುವುದಿಲ್ಲ.

ಪ್ರಶ್ನೆ: ಆಟದ ಪುಸ್ತಕಗಳಲ್ಲಿ ರಾಕ್ಷಸನಿಗೆ ಹುಲಿಯ ತಲೆ, ಕೈಯಲ್ಲಿ ಹೊಗೆಸೊಪ್ಪಿನ ಕೊಳವೆ ಇರುವುದನ್ನು ನೋಡಿ ಬೇಸರವಾಯಿತು. ಯಕ್ಷಗಾನ ನೋಡಿ ಬೆಳೆದ ನಾವು ಇದನ್ನು ಆಡುವಾಗ ತಿದ್ದಿಕೊಳ್ಳಬಹುದೇ? (ಉಡುಪಿಯ ಓದುಗರು)

ಉತ್ತರ: ತಿದ್ದಿಕೊಳ್ಳಬಹುದು, ತಿದ್ದಿಕೊಳ್ಳಲೇಬೇಕೆಂದೂ ನಾನು ಹೇಳುತ್ತೇನೆ. ನಮ್ಮ ಕಾವ್ಯಗಳ ರಾಕ್ಷಸರು ಹುಲಿಯ ತಲೆಯವರಲ್ಲ. ಹಾಗಿದ್ದರೂ ಆ ಹಳೆಯ ಪುಟವನ್ನು ಪೂರ್ತಿ ತಳ್ಳಿಹಾಕಬೇಡಿ, ಏಕೆಂದರೆ ಅದರ ತಿರುಳಾದ ವೇಷಾಂತರ ನಮ್ಮದೇ. ಮಾರೀಚ ಹೊನ್ನಿನ ಜಿಂಕೆಯಾದದ್ದು ಸೀತೆಯ ಮನಸ್ಸು ಏನನ್ನು ಬಯಸೀತೆಂದು ಬಲ್ಲದ್ದರಿಂದ. ರಾವಣ ಸನ್ಯಾಸಿಯಾಗಿ ಬಂದದ್ದು ಬಾಗಿಲಿಗೆ ಬಂದ ಯತಿಯನ್ನು ಆಕೆ ಬರಿಗೈಯಲ್ಲಿ ಕಳಿಸಲಾರಳೆಂದು ಬಲ್ಲದ್ದರಿಂದ. ಕಾಮರೂಪಿ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಿಮ್ಮ ಆಟದಲ್ಲೂ ರಾಕ್ಷಸನು ಪಾತ್ರಗಳ ದೌರ್ಬಲ್ಯವನ್ನು ಹುಡುಕುವುದಕ್ಕಿಂತ ಅವರ ಸದ್ಗುಣವನ್ನು ಹಿಡಿದು ಬರಲಿ: ದಾನಿಯ ಬಳಿಗೆ ಭಿಕ್ಷುಕನಾಗಿ, ಗಾಯ ಮಾಯಿಸುವವಳ ಬಳಿಗೆ ರೋಗಿಯಾಗಿ.

ಕಾವ್ಯದಿಂದ ತರಬೇಕಾದ ಇನ್ನೊಂದು ಗುಣ ರಾತ್ರಿಯ ಬಲ. ದ್ರೋಣಪರ್ವದ ರಾತ್ರಿಯುದ್ಧದಲ್ಲಿ ಘಟೋತ್ಕಚನನ್ನು ತಡೆಯಲಾರದೆ, ಅರ್ಜುನನಿಗೆಂದು ಕಾದಿರಿಸಿದ್ದ ಶಕ್ತ್ಯಾಯುಧವನ್ನು ಕರ್ಣ ಕಳೆದುಕೊಳ್ಳುವ ಸನ್ನಿವೇಶ ನಿಮಗೆ ಗೊತ್ತೇ ಇದೆ. ಶಿವಮೊಗ್ಗದವರಿಗೆ ಹೇಳಿದ ರಾಕ್ಷಸನಿಗೆ, ಸೂರ್ಯ ಮುಳುಗಿದ ಮೇಲೆ ಪ್ರತಿ ಉಗುರುಪೆಟ್ಟಿಗೂ 6 ಮುಖದ ಒಂದು ದಾಳವನ್ನು ಹೆಚ್ಚಿಸಿ. ಸುತ್ತಿನ ಪೆಟ್ಟು 42ಕ್ಕೆ ಏರುತ್ತದೆ, ರಾತ್ರಿಯಲ್ಲಿ ಅವನ ಚಾಲೆಂಜ್ ರೇಟಿಂಗ್ 8 ಎಂದು ಹಿಡಿಯಬಹುದು. ಹಗಲಲ್ಲೇ ಅವನನ್ನು ಹಿಡಿಯಬೇಕೆಂದು ಆಟಗಾರರು ಧಾವಿಸುವುದನ್ನು ನೀವು ನೋಡುವಿರಿ.

ವೇಷ ಕಳಚುವ ಕ್ಷಣಕ್ಕೆ ಯಕ್ಷಗಾನವೇ ನಿಮ್ಮ ಗುರುವಾಗಲಿ. ಬಣ್ಣದ ವೇಷ ಒಮ್ಮೆಗೇ ರಂಗಕ್ಕೆ ನುಗ್ಗುವುದಿಲ್ಲ. ತೆರೆಯ ಹಿಂದಿನಿಂದ ಮೊದಲು ಆರ್ಭಟ ಕೇಳುತ್ತದೆ, ಆಮೇಲೆ ಕಿರೀಟದ ತುದಿ, ಆಮೇಲೆ ಚಿಟ್ಟಿಯಿಟ್ಟ ಮುಖ ಕಾಣುತ್ತದೆ. ಡಂಜನ್ ಮಾಸ್ಟರ್ ಆದವರು ಆ ತೆರೆ ಒಡ್ಡೋಲಗದ ಕ್ರಮದಲ್ಲೇ ವರ್ಣಿಸಬೇಕು. ಮೊದಲು ದನಿ ಬದಲಾಗಲಿ, ಬಳಿಕ ನೆರಳು, ಕೊನೆಗೆ ಮುಖ. ಹುಲಿಯ ತಲೆಯ ನೆನಪೂ ಯಾರಿಗೂ ಬಾರದು.

ಪ್ರಶ್ನೆ: ತುಕ್ಕು ಹಿಡಿಸುವ ಪ್ರಾಣಿ, ಅಂದರೆ ರಸ್ಟ್ ಮಾನ್‌ಸ್ಟರ್, ಹಿಂದೆ ಬಹಳ ಭಯ ಹುಟ್ಟಿಸುತ್ತಿತ್ತು ಎಂದು ಹಿರಿಯ ಆಟಗಾರರು ಹೇಳುತ್ತಾರೆ. 5ನೇ ಆವೃತ್ತಿಯಲ್ಲಿ ನಮ್ಮವರು ಅದನ್ನು ಎರಡು ಸುತ್ತಿನಲ್ಲಿ ಮುಗಿಸಿದರು. ಹಳೆಯ ಭಯವನ್ನು ಮರಳಿ ತರುವುದು ಹೇಗೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಂದನ್ನು ನೋಡಿ ಗೈಗ್ಯಾಕ್ಸ್ ಹುಟ್ಟಿಸಿದ ಪ್ರಾಣಿ ಇದು. 1977ರಲ್ಲಿ ಅದರ ಮೀಸೆ ಸೋಕಿದರೆ ಲೋಹ ತುಕ್ಕಾಗಿ ಉದುರುತ್ತಿತ್ತು, ಸಾಮಾನ್ಯ ಲೋಹಕ್ಕೆ ಸೇವಿಂಗ್ ಥ್ರೋ ಕೂಡ ಇರಲಿಲ್ಲ. ಮಂತ್ರದ ಕವಚಕ್ಕೆ ಪ್ರತಿ +1ಕ್ಕೆ ನೂರಕ್ಕೆ 10ರಷ್ಟು ಉಳಿಯುವ ಅವಕಾಶ. ಅದು ಯಾರನ್ನೂ ಗಾಯಗೊಳಿಸುತ್ತಿರಲಿಲ್ಲ! ಅಷ್ಟಿದ್ದೂ ಡ್ರಾಗನ್ ಎದುರು ನಿಂತ ಯೋಧರು ಇದನ್ನು ಕಂಡು ಓಡುತ್ತಿದ್ದರು. 2014ರಲ್ಲಿ ಮಂತ್ರದ ವಸ್ತುಗಳಿಗೆ ಏನೂ ಆಗದು, ಸಾಮಾನ್ಯ ಕವಚವೂ ಸೇವಿಂಗ್ ಥ್ರೋ ತಪ್ಪಿದಾಗ 1 ಅಂಕವನ್ನಷ್ಟೇ ಕಳೆದುಕೊಳ್ಳುತ್ತದೆ; ಆರ್ಮರ್ ಕ್ಲಾಸ್ 18ರ ಪ್ಲೇಟ್ ಕವಚ ಪೂರ್ತಿ ನಾಶವಾಗಲು ಎಂಟು ಸಲ ತಪ್ಪಬೇಕು. 27 ಹಿಟ್ ಪಾಯಿಂಟ್‌ಗಳ ಪ್ರಾಣಿಗೆ ಅಷ್ಟು ಹೊತ್ತು ಸಿಗುವುದೇ ಇಲ್ಲ, ಆದ್ದರಿಂದ ನಿಮ್ಮವರು ಹೆದರದಿರುವುದು ಸಹಜ.

ನನ್ನ ಸಲಹೆ ಎರಡು. ಒಂದು ಸೋಂಕಿಗೆ 1ರ ಬದಲು 3 ಅಂಕ ಇಳಿಯಲಿ, ಮಂತ್ರದ ವಸ್ತುವಾದರೆ 1 ಇಳಿಯಲಿ. ಅದಕ್ಕಿಂತ ಮುಖ್ಯವಾದದ್ದು, ಕಬ್ಬಿಣದ ಮೊಳೆಗಳನ್ನೋ ಗದೆಯನ್ನೋ ಎಸೆದರೆ ಪ್ರಾಣಿ ಅದನ್ನು ತಿನ್ನಲು ನಿಲ್ಲುತ್ತದೆ ಎಂದು ಹಳೆಯ ಪುಟದಲ್ಲಿತ್ತು. ಅದನ್ನು ಖಚಿತ ನಿಯಮವಾಗಿ ಬರೆಯಿರಿ. ಒಬ್ಬರು ತಮ್ಮ ಸರದಿಯಲ್ಲಿ ಕಬ್ಬಿಣದ ಯಾವುದಾದರೂ ವಸ್ತುವನ್ನು ಎಸೆದರೆ ಪ್ರಾಣಿಯ ಮುಂದಿನ ಸರದಿ ಅದನ್ನು ತಿನ್ನುವುದರಲ್ಲೇ ಕಳೆಯುತ್ತದೆ. ಕಳೆದುಕೊಳ್ಳುವುದು ಏನನ್ನು ಎಂದು ಆಟಗಾರರೇ ಆರಿಸುವಂತಾದಾಗ ಭಯವೂ ಬರುತ್ತದೆ, ದೂರೂ ಇರುವುದಿಲ್ಲ. ನಾನು ನಡೆಸಿದ ಆಟವೊಂದರಲ್ಲಿ ಯೋಧನೊಬ್ಬ ತಂದೆಯ ಕತ್ತಿಯನ್ನು ಎಸೆಯಬೇಕೋ ತನ್ನ ಗುರಾಣಿಯನ್ನೋ ಎಂದು ಯೋಚಿಸುತ್ತ ಮೌನವಾಗಿ ಕುಳಿತದ್ದು ಇಂದಿಗೂ ನನ್ನ ಕಣ್ಣ ಮುಂದಿದೆ.

ಪ್ರಶ್ನೆ: ಹಳೆಯ ದೈತ್ಯ ಜೇಡದ ವಿಷಕ್ಕೆ ಸೇವಿಂಗ್ ಥ್ರೋ ತಪ್ಪಿದರೆ ಪಾತ್ರ ಸಾಯುತ್ತಿತ್ತು. ಇದನ್ನು ಹೊಸ ಆಟದಲ್ಲಿ ಹಾಗೆಯೇ ಇಡಬಹುದೇ? (ಮೈಸೂರಿನ ಓದುಗರು)

ಉತ್ತರ: ಬೇಡ. ಹಳೆಯ ಆಟದಲ್ಲಿ ಹೊಸ ಪಾತ್ರವನ್ನು ಸಿದ್ಧಪಡಿಸಲು ಕೆಲವು ನಿಮಿಷಗಳು ಸಾಕಾಗುತ್ತಿದ್ದವು. ಈಗ ಆಟಗಾರರು ಪಾತ್ರದ ಹಿಂದಿನ ಜೀವನವನ್ನೂ ಬರೆದು ತರುತ್ತಾರೆ. 2014ರ ಜೇಡದ ನಿಯಮವೇ ಒಳ್ಳೆಯ ಮಾದರಿ: ವಿಷದಿಂದ ಹಿಟ್ ಪಾಯಿಂಟ್‌ಗಳು ಸೊನ್ನೆಗಿಳಿದರೆ ಪಾತ್ರ ಸಾಯದೆ ಒಂದು ಗಂಟೆ ಅಲುಗಾಡಲಾಗದೆ ಬಿದ್ದಿರುತ್ತದೆ. ಜೇಡ ಆ ಪಾತ್ರವನ್ನು ಬಲೆಯಲ್ಲಿ ಸುತ್ತಿ ಎಳೆದೊಯ್ಯಲಿ, ಉಳಿದವರು ಹುಡುಕಿಕೊಂಡು ಹೋಗಲಿ.

ಪ್ರಶ್ನೆ: ನಮ್ಮ ತಂಡ 2024ರ ಪರಿಷ್ಕೃತ ನಿಯಮಗಳಿಗೆ ಬಂದಿದೆ. 2014ಕ್ಕೆಂದು ನಾನೇ ಒಗ್ಗಿಸಿದ ಹಳೆಯ ಪ್ರಾಣಿಗಳನ್ನು ಮತ್ತೆ ತಿದ್ದಬೇಕೇ? (ಬೆಂಗಳೂರಿನ ಓದುಗರು)

ಉತ್ತರ: ಹೆಚ್ಚಿನವನ್ನು ಹಾಗೇ ಆಡಿಸಬಹುದು, ಒಂದು ಕಡೆ ಮಾತ್ರ ಎಚ್ಚರ ಬೇಕು. 2025ರಲ್ಲಿ ಬಂದ ಹೊಸ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯ ಆಯುಧಗಳು ನಾಟುವುದಿಲ್ಲ ಎಂಬ ಗುಣವನ್ನು ತೆಗೆದುಹಾಕಿದ್ದಾರೆ. ಅಲ್ಲಿನ ರಾಕ್ಷಸನ ಹಿಟ್ ಪಾಯಿಂಟ್‌ಗಳು 221, ಅಂದರೆ ಹಿಂದಿನ 110ರ ಸರಿಸುಮಾರು ಇಮ್ಮಡಿ. ಕಳೆದುಹೋದ ರಕ್ಷಣೆಯನ್ನು ಹೀಗೆ ತುಂಬಿಕೊಟ್ಟಿದ್ದಾರೆಂದು ನನಗೆ ತೋರುತ್ತದೆ. ಶಿವಮೊಗ್ಗದವರ ರಾಕ್ಷಸನನ್ನು ನೀವು ಆಡಿಸುವುದಾದರೆ ಆ ಗುಣವನ್ನು ಹೊಡೆದುಹಾಕಿ, 8 ಮುಖದ 28 ದಾಳಗಳು ಮತ್ತು 56 ಎಂದು ಬರೆದುಕೊಳ್ಳಿ. ಸರಾಸರಿ 182 ಆಗುತ್ತದೆ. ಬಾಣದ ಮಿತಿಯನ್ನೂ 50ರಿಂದ 100ಕ್ಕೆ ಏರಿಸಿ. ಹೊಸ ಪುಸ್ತಕದಲ್ಲಿ ‘ಬ್ಲೆಸ್’ ಮಂತ್ರ ಪಡೆದವರು ಹಿಡಿದ ಚುಚ್ಚುವ ಆಯುಧಗಳಿಂದ ರಾಕ್ಷಸನಿಗೆ ಎರಡು ಪಟ್ಟು ಪೆಟ್ಟಾಗುತ್ತದೆ. 2014ರಲ್ಲಿ ಮರೆಯಾಗಿದ್ದ ಮಂತ್ರಿಸಿದ ಬಾಣದ ನೆನಪು ಹೀಗೆ ಮರಳಿರುವುದು ನನಗೆ ಸಂತೋಷ ತಂದಿದೆ, ಅದನ್ನು ನಿಮ್ಮ ಬಾಣದ ಜೊತೆಗೇ ಉಳಿಸಿಕೊಳ್ಳಿ.